ಪರದೇಶದಲ್ಲಿ ಮೊದಲ ದಿನಗಳು

ನಮ್ಮ ಬೀದಿಯ ಹುಡುಗನೊಬ್ಬ ಮುಂದಿನ ತಿಂಗಳು ವ್ಯಾಸಂಗಕ್ಕಾಗಿ ಜರ್ಮನಿಗೆ ಹೊರಟಿದ್ದಾನೆ. ಹೈಸ್ಕೂಲಿನಲ್ಲಿ ನನ್ನ ಶಿಷ್ಯ. ಮೊನ್ನೆ ಅವನ ತಂದೆ ಒಂದು ಪಟ್ಟಿ ಹಿಡಿದುಕೊಂಡು ಮನೆಗೆ ಬಂದರು. ಸಾರಿನ ಪುಡಿ, ಹುಳಿಪುಡಿ, ಮಿಡಿ ಉಪ್ಪಿನಕಾಯಿ, ಹಪ್ಪಳ, ಉಣ್ಣೆಯ ಅಂಗಿ, ಸಣ್ಣದೊಂದು ಕುಕ್ಕರು. ಹಾಳೆಯ ಎರಡು ಮಗ್ಗುಲೂ ತುಂಬಿತ್ತು. "ಏನಾದರೂ ಬಿಟ್ಟುಹೋಗಿದೆಯೇ ನೋಡಿ, ಮೇಷ್ಟ್ರೇ" ಎಂದರು. ಕಡಲು ದಾಟದ ಕನ್ನಡ ಪಂಡಿತನನ್ನು ಇಂಥ ವಿಷಯದಲ್ಲಿ ಕೇಳುವುದು ಸೋಜಿಗವೇ. ಆದರೂ ಹಿಂದೆ ಹೀಗೆ ಹೋದವರ ವಿಚಾರ ಓದಿದ್ದರ ನೆನಪಿನಿಂದ ಎರಡು ಸಂಗತಿ ಹೇಳಿದೆ. ಅವನ್ನೇ ನಿಮಗೂ ಹೇಳುತ್ತೇನೆ; ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಿರಬಹುದು.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಮದರಾಸಿನಲ್ಲಿ ಹಡಗು ಹತ್ತಿದ್ದು 1914ರ ಮಾರ್ಚಿಯಲ್ಲಿ, ವಯಸ್ಸು 26. ಹೊರಡುವ ಮುನ್ನ ಜುಟ್ಟು ಕತ್ತರಿಸಿದ್ದಾಯಿತು, ಕಾಲಿಗೆ ಬೂಟು ಬಂತು, ಚಾಕು ಮುಳ್ಳುಚಮಚ ಹಿಡಿಯುವುದರ ಅಭ್ಯಾಸವೂ ಆಯಿತು. ಏಪ್ರಿಲಿನಲ್ಲಿ ಲಂಡನ್ ಮುಟ್ಟಿದಾಗ ಕೇಂಬ್ರಿಜ್‌ನ ಉಪಾಧ್ಯಾಯರಾದ ನೆವಿಲ್ ಎಂಬವರು ತಾವೇ ಬಂದು ಎದುರುಗೊಂಡರು. ಮೊದಲು ಕೆಲವು ಕಾಲ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಇಷ್ಟು ಆದರ ಎಷ್ಟು ಜನಕ್ಕೆ ದೊರೆಯುತ್ತದೆ? ಅನಂತರ ಟ್ರಿನಿಟಿ ಕಾಲೇಜಿನ ಕೋಣೆಗೆ ವಾಸ ಬದಲಾಯಿತು. ಆಗ ಒಂಟಿತನ ಶುರುವಾಯಿತು.

ಚಳಿ ಏರಿದ ಒಂದು ದಿನ, ಅಲ್ಲೇ ಓದುತ್ತಿದ್ದ ಬಂಗಾಳದ ಪ್ರಶಾಂತಚಂದ್ರ ಮಹಲನೋಬಿಸ್ ಅವರನ್ನು ನೋಡಲು ಹೋದರು. ಮುಂದೆ ನಮ್ಮ ದೇಶದಲ್ಲಿ ಸಂಖ್ಯಾಶಾಸ್ತ್ರದ ದೊಡ್ಡ ಸಂಸ್ಥೆಯನ್ನು ಕಟ್ಟಿದವರು ಇವರೇ. ರಾಮಾನುಜನ್ ಬೆಂಕಿಗೂಡಿಗೆ ಒತ್ತಿಕೊಂಡು ಕುಳಿತಿದ್ದರು. "ರಾತ್ರಿ ಬೆಚ್ಚಗಿರುತ್ತದೆಯೇ?" ಎಂದು ಕೇಳಿದರೆ, ಓವರ್‌ಕೋಟು ತೊಟ್ಟು ಶಾಲು ಸುತ್ತಿಕೊಂಡು ಮಲಗಿದರೂ ಚಳಿ ಎಂದರು. ಕಂಬಳಿ ಸಾಲದೇನೋ ಎಂದು ಮಹಲನೋಬಿಸ್ ಮಲಗುವ ಕೋಣೆಗೆ ಹೋಗಿ ನೋಡಿದರು. ಹಾಸಿಗೆಯ ಮೇಲೆ ಬೇಕಾದಷ್ಟು ಕಂಬಳಿಗಳಿದ್ದವು!

ಸಂಗತಿ ಇಷ್ಟೆ. ನಾವು ಹಾಸಿಗೆ ಬಿಚ್ಚಿ ಹಾಸಿ, ಹೊದಿಕೆಯನ್ನು ಮೇಲೆ ಎಳೆದುಕೊಳ್ಳುವವರು. ಅಲ್ಲಿ ಆಗ ಕಂಬಳಿಯ ಅಂಚುಗಳನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿ, ಮೇಲೊಂದು ಬಟ್ಟೆ ಹರಡಿರುತ್ತಿದ್ದರು. ತಲೆದಿಂಬಿನ ಕಡೆ ಕಂಬಳಿಯನ್ನು ಮಡಿಸಿ ಒಳಗೆ ಸೇರಿಕೊಳ್ಳಬೇಕಿತ್ತು. ಇದನ್ನರಿಯದ ರಾಮಾನುಜನ್ ಕಂಬಳಿಗಳನ್ನೆಲ್ಲ ಬೆನ್ನ ಕೆಳಗೆ ಹಾಕಿಕೊಂಡು, ಮೇಲಿನ ತೆಳುಬಟ್ಟೆಯೊಂದನ್ನೇ ಹೊದ್ದು ನಡುಗುತ್ತಿದ್ದರು. ಮಹಲನೋಬಿಸ್ ಮಾಡಿ ತೋರಿಸಿದಾಗ ಅವರ ಮನಸ್ಸು ಕರಗಿಹೋಯಿತಂತೆ. ಕರಗದೆ ಏನು? ಚಾಕು ಹಿಡಿಯುವುದನ್ನು ಕಲಿಸಿದವರಿಗೆ ಮಲಗುವುದನ್ನೂ ಕಲಿಸಬೇಕೆಂದು ತೋಚಲಿಲ್ಲ. ಅವರೂ ಯಾರನ್ನೂ ಕೇಳಲಿಲ್ಲ.

ಇನ್ನೊಂದು ಸಂಗತಿ ಗಾಂಧೀಜಿಯವರದು. ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. 1888ರಲ್ಲಿ ಲಂಡನ್ನಿಗೆ ಹೋದಾಗ ಅವರಿಗೆ ಇನ್ನೂ 19 ತುಂಬುವುದರಲ್ಲಿತ್ತು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತಿತ್ತು. ಬೆಳಿಗ್ಗೆ ಓಟ್ಸ್ ಗಂಜಿಯೇನೋ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ, ರಾತ್ರಿ ಉಪವಾಸವೇ. ಮೇಜಿನ ಮೇಲೆ ರೊಟ್ಟಿ ಇಲ್ಲದೆ ಅಲ್ಲ. ಎರಡು ಮೂರು ಹೋಳಿಗಿಂತ ಹೆಚ್ಚು ಕೇಳುವುದಕ್ಕೆ ನಾಚಿಕೆ! ಮುಂದೆ ಉಳಿದುಕೊಂಡ ಮನೆಯೊಡತಿಯ ಹೆಣ್ಣುಮಕ್ಕಳಿಬ್ಬರು ಕರುಣೆಯಿಂದ ಒಂದೆರಡು ಹೋಳು ಹೆಚ್ಚಾಗಿ ಬಡಿಸುತ್ತಿದ್ದರಂತೆ. ಇಡೀ ರೊಟ್ಟಿಯೇ ಬೇಕಾದ ಹಸಿವೆಂದು ಅವರಿಗೇನು ಗೊತ್ತು? ಕಡೆಗೆ ದಿನಾ ಹತ್ತು ಹನ್ನೆರಡು ಮೈಲಿ ಬೀದಿ ಸುತ್ತುತ್ತ ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಒಂದು ಸಸ್ಯಾಹಾರದ ಹೋಟೆಲು ಕಣ್ಣಿಗೆ ಬಿತ್ತು. ಇಂಗ್ಲೆಂಡಿನಲ್ಲಿ ಅವರು ಹೊಟ್ಟೆ ತುಂಬ ಉಂಡ ಮೊದಲ ಊಟ ಅದು.

ಅಷ್ಟು ದೊಡ್ಡವರಿಬ್ಬರನ್ನು ಬಾಧಿಸಿದ್ದು ಸಂಕೋಚವೆಂದು ನನ್ನ ತಿಳಿವಳಿಕೆ. ನಮ್ಮಲ್ಲಿ ಅದನ್ನು ವಿನಯವೆಂದು ಮೆಚ್ಚುತ್ತೇವೆ. ಬಾಯಿ ಬಿಡದ ಹುಡುಗನನ್ನು ಬಹಳ ಒಳ್ಳೆಯವನು ಎನ್ನುತ್ತೇವೆ. ನಾನೂ ಮೂವತ್ತು ವರ್ಷ ತರಗತಿಯಲ್ಲಿ ಹಾಗೆಯೇ ಎಂದವನು. ಈಗ ಹುಡುಗರ ಕೈಯಲ್ಲಿ ಫೋನಿದೆ, ದಿನವೂ ಮುಖ ನೋಡಿ ಮಾತಾಡಬಹುದು ಎನ್ನುತ್ತೀರಿ. ಆದರೆ ಹಸಿದವನು ತಾಯಿಗೆ ಏನು ಹೇಳುತ್ತಾನೆ? "ಊಟ ಆಯಿತಮ್ಮ, ಚೆನ್ನಾಗಿದ್ದೇನೆ" ಎನ್ನುತ್ತಾನೆ.

ಇಷ್ಟು ಹೇಳಿದ ಮೇಲೆ ಅವನ ತಂದೆ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟರು. "ಇದಕ್ಕೆ ಅಂಗಡಿ ಎಲ್ಲಿದೆ, ಮೇಷ್ಟ್ರೇ?" ಎಂದು ನಕ್ಕು ಹೊರಟರು.

ಮರುದಿನ ಬೆಳಿಗ್ಗೆ ಹುಡುಗನೇ ಬಂದ. ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: "ಸಾರ್, ಒಂದು ಪಾವು ಅಕ್ಕಿಗೆ ಎಷ್ಟು ನೀರಿಡಬೇಕು? ಅಮ್ಮನನ್ನು ಕೇಳಿದರೆ ಅಳುತ್ತಾರೆ." ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯವರು ಅವನನ್ನು ಅಡಿಗೆಮನೆಗೆ ಕರೆದುಕೊಂಡು ಹೋದರು. ಹಿಂದೆಯೇ ನಾನೂ ಹೋಗಿ ನಿಂತೆ.