ಬಾಯಿಗೆ ಬಂದದ್ದು ಕೈಗೆ ಬರುತ್ತದೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ವಿಷಯ ಹೇಳುತ್ತಾನೆ ಎಂದುಕೊಂಡಿರುತ್ತೀರಿ. ನಾನು ಹೇಳುವುದು ಒಬ್ಬ ಡ್ರಮ್ ವಾದಕರ ವಿಷಯ.

ಅವರು ಜರ್ಮನಿಯ ಕ್ರಿಸ್ಟಿಯಾನ್ ಬುರ್ಖಾರ್ಡ್. ಹುಟ್ಟಿದ್ದು 1946ರಲ್ಲಿ. 1969ರಲ್ಲಿ ಮ್ಯೂನಿಕ್‌ನಲ್ಲಿ ಗೆಳೆಯರೊಂದಿಗೆ ‘ಎಂಬ್ರಿಯೋ’ ಎಂಬ ರಾಕ್ ಬ್ಯಾಂಡ್ ಕಟ್ಟಿದರು. 1978ರಲ್ಲಿ ತಂಡದವರೆಲ್ಲ ರಸ್ತೆ ಹಿಡಿದು ಅಫ್ಘಾನಿಸ್ತಾನ, ಪಾಕಿಸ್ತಾನದ ಮೂಲಕ ಭಾರತಕ್ಕೆ ಹೊರಟರು. ಹೋದಲ್ಲೆಲ್ಲ ಅಲ್ಲಿನ ಕಲಾವಿದರ ಜೊತೆ ಕೂತು ನುಡಿಸಿದರು.

ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲೇ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂಬ ತಾಳವಾದ್ಯಗಳ ಶಾಲೆ ತೆರೆದಿದ್ದರು. ಆ ಶಾಲೆಯವರೂ ಎಂಬ್ರಿಯೋದವರೂ ಕೂಡಿ ನುಡಿಸಿದ ‘ಲೈಫ್’ ಎಂಬ ಧ್ವನಿಮುದ್ರಿಕೆ 1980ರಲ್ಲಿ ಬಂತು.

ರಾಕ್ ಸಂಗೀತದಲ್ಲಿ ಹೆಚ್ಚಾಗಿ ನಾಲ್ಕರ ಎಣಿಕೆ. ನಮ್ಮಲ್ಲಿ ಐದು, ಏಳು, ಒಂಬತ್ತೂ ಉಂಟು. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಎರಡನ್ನೂ ಕೂಡಿಸಿದರೆ ಏಳು. ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ವಾದ್ಯ ಮುಟ್ಟಬೇಕು. ಬಾಯಿಗೆ ಬಂದದ್ದು ಕೈಗೆ ಬರುತ್ತದೆ. ಭಾಷೆ ಬಾರದವರಿಗೂ ಕಲಿಸಬಹುದಾದ ಪಾಠವಿದು.

ಬುರ್ಖಾರ್ಡ್ 2018ರಲ್ಲಿ ತೀರಿಕೊಂಡರು. ಬ್ಯಾಂಡ್ ನಿಲ್ಲಲಿಲ್ಲ, ಮಗಳು ಮರ್ಯಾ ಮುಂದುವರಿಸಿದರು. ಅದಕ್ಕೂ ನಮ್ಮ ಶಾಲೆಯ ಹಾಗೆ ಐವತ್ತು ತುಂಬಿತು. ಕಲಿಸುವವರೂ ಕಲಿಯುವವರೂ ಇದ್ದದ್ದರಿಂದ ಅದು ಉಳಿಯಿತು.

ಈಗ ನಮ್ಮೂರಿಗೆ ಬರೋಣ. ನಾನು ಚಿಕ್ಕವನಿದ್ದಾಗ ಬೀರಪ್ಪನ ಗುಡಿ ಮುಂದೆ ಹನ್ನೆರಡು ಡೊಳ್ಳು ಏಳುತ್ತಿದ್ದವು. ಹೋದ ಹಬ್ಬದಲ್ಲಿ ಎಣಿಸಿದೆ, ಐದು. ಹೊತ್ತವರಲ್ಲಿ ಮೂವರಿಗೆ ಅರವತ್ತು ದಾಟಿದೆ. ಅವರ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ. ಅವರ ಮಕ್ಕಳು ನನ್ನ ಹಾಗೆಯೇ ಬೆಂಗಳೂರು ಸೇರಿದ್ದಾರೆ.

ಮಹೋತ್ಸವದ ನಿಧಿಯಲ್ಲಿ ಕಂಪ್ಯೂಟರ್ ಕೊಳ್ಳುವ ಮಾತು ನಡೆದಿದೆ. ಕೊಳ್ಳೋಣ, ನನ್ನ ಅನ್ನವೂ ಅದರಿಂದಲೇ. ಜೊತೆಗೆ ಶನಿವಾರ ಒಂದು ಗಂಟೆ ಡೊಳ್ಳಿನ ತರಗತಿ ಇಡೋಣ. ಹುಡುಗಿಯರಿಗೂ ಕಲಿಸೋಣ. ಕಲಿಸುವ ಹಿರಿಯರಿಗೆ ಬರೀ ಶಾಲು ಹೊದಿಸಿ ಕಳಿಸುವುದು ಬೇಡ, ತಿಂಗಳು ತಿಂಗಳು ಗೌರವಧನ ಕೊಡೋಣ. ಮೊದಲ ವರ್ಷದ ಗೌರವಧನ ನನ್ನದು. ಎರಡನೆಯ ವರ್ಷಕ್ಕೆ ನಿಮ್ಮಲ್ಲೊಬ್ಬರು ಕೈ ಎತ್ತಬೇಕು.