ಕೂಸಿನ ಹಾಸಿಗೆಯ ಕಲೆ, ಕಮಟು



ಇವತ್ತು ಬಿತ್ತನೆ, ಗೊಬ್ಬರದ ಮಾತಲ್ಲ, ಮನೆಯೊಳಗಿನ ಮಾತು. ಎಳೆಗೂಸು ಇರುವ ಮನೆಯೆಂದ ಮೇಲೆ ಉಚ್ಚೆ ಹೊಯ್ಯುವುದು, ಹಾಲು ಕಕ್ಕುವುದು ಇದ್ದದ್ದೇ. ಕೂಸಿನ ಬಟ್ಟೆಯನ್ನೇನೋ ದಿನಾ ಒಗೆಯುತ್ತೀರಿ. ಆದರೆ ಹತ್ತಿಯ ಹಾಸಿಗೆ, ಕೌದಿ, ಕಂಬಳಿ? ಅವನ್ನು ದಿನವೂ ಒಗೆಯಲಾಗದು. ಹೊಲದ ಕೆಲಸದ ನಡುವೆ ಹೊತ್ತಾದರೂ ಎಲ್ಲಿ? ಹೀಗಾಗಿ ಕಲೆ ಉಳಿಯುತ್ತದೆ, ಕಮಟು ಹಿಡಿಯುತ್ತದೆ. ಕಡಿಮೆ ನೀರಿನಲ್ಲಿ, ಮನೆಯಲ್ಲಿರುವ ಸಾಮಾನಿನಲ್ಲೇ ಇದನ್ನು ಹೋಗಲಾಡಿಸುವುದು ಹೇಗೆಂದು ನೋಡೋಣ.

ಮೊದಲು ವಾಸನೆ ಎಲ್ಲಿಂದ ಬರುತ್ತದೆ ಎಂಬುದು ತಿಳಿಯಬೇಕು. ಆಗ ತಾನೇ ಹೊಯ್ದ ಉಚ್ಚೆ ಅಷ್ಟಾಗಿ ನಾರುವುದಿಲ್ಲ. ಅದರಲ್ಲಿ ಯೂರಿಯಾ ಇರುತ್ತದೆ. ಹೌದು, ನೀವು ಪೈರಿಗೆ ಹಾಕುವ ಯೂರಿಯಾ ಏನುಂಟೋ ಅದೇ ವಸ್ತು. ಹೊತ್ತು ಕಳೆದಂತೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ದನದ ಕೊಟ್ಟಿಗೆಯಲ್ಲಿ ಬೆಳಗ್ಗೆ ಮೂಗಿಗೆ ಬಡಿಯುವ ಘಾಟು ಇದೇ. ಅಂದಮೇಲೆ ಮದ್ದು ಸುಲಭ: ತಡಮಾಡಬಾರದು, ತೇವ ಉಳಿಸಬಾರದು.

ಹಾಸಿಗೆ ನೆನೆದ ಕೂಡಲೇ ಒಣಗಿದ ಹಳೆಯ ಪಂಚೆಯ ತುಂಡನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತಿ. ಉಜ್ಜಬೇಡಿ, ಉಜ್ಜಿದರೆ ಉಚ್ಚೆ ಹತ್ತಿಯೊಳಗೆ ಇಳಿಯುತ್ತದೆ. ಅರಿವೆ ನೆನೆದರೆ ಬೇರೆ ಅರಿವೆ ಹಾಕಿ ಒತ್ತಿ. ಆಮೇಲೆ ತಣ್ಣೀರು ಚಿಮುಕಿಸಿ ಮತ್ತೆ ಒತ್ತಿ. ಒಂದು ಚೊಂಬು ನೀರಿಗೆ ಒಂದು ನಿಂಬೆಹಣ್ಣಿನ ರಸ ಹಿಂಡಿ, ಆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಅಮೋನಿಯಾದ ಘಾಟು ತಗ್ಗುತ್ತದೆ. ಬಣ್ಣದ ಬಟ್ಟೆಯಾದರೆ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ ನೋಡಿ. ಕೊನೆಗೆ ಬರಿಯ ನೀರಿನ ಬಟ್ಟೆಯಿಂದ ಒರೆಸಿ, ಹಾಸಿಗೆಯನ್ನು ಅಂಗಳಕ್ಕೆ ಹಾಕಿ. ಎರಡು ಮಗ್ಗುಲೂ ಬಿಸಿಲು ಕಾಣಬೇಕು. ಒಣಗಿದ ಮೇಲೂ ವಾಸನೆ ಇದ್ದರೆ ಅಡುಗೆ ಸೋಡಾ ಉದುರಿಸಿ, ನಾಲ್ಕಾರು ಗಂಟೆ ಬಿಟ್ಟು ಕೊಡವಿ. ಹಾಸಿಗೆಯನ್ನು ಹೊರುವುದು ಬಾಣಂತಿಯ ಕೆಲಸವಲ್ಲ; ಮನೆಯ ಗಂಡಸರು ಇದಕ್ಕೆ ಕೈಹಾಕಬೇಕು.

ಹತ್ತಿಯ ಹಾಸಿಗೆಗೆ ಕೊಡಗಟ್ಟಲೆ ನೀರು ಸುರಿಯತಕ್ಕದ್ದಲ್ಲ. ಒಳಗಿನ ಹತ್ತಿ ಗಂಟುಕಟ್ಟಿ, ಒಣಗದೆ ಬೂಷ್ಟು ಹಿಡಿಯುತ್ತದೆ. ಬಹಳ ಕೆಟ್ಟಿದ್ದರೆ ಹೊಲಿಗೆ ಬಿಚ್ಚಿ ಹತ್ತಿಯನ್ನು ಬಿಸಿಲಿಗೆ ಹರಡಿ, ಹೊದಿಕೆಯನ್ನು ಒಗೆದು, ಹತ್ತಿ ಹಿಂಜಿಸಿ ತುಂಬಿ. ಕೌದಿಯನ್ನು ಸೋಪಿನ ನೀರಿನಲ್ಲಿ ನೆನೆಹಾಕಿ ಒಗೆಯಬಹುದು. ಕಂಬಳಿಗೆ ಮಾತ್ರ ಬಿಸಿನೀರು, ಸೋಡಾ, ಬಡಿತ ಕೂಡದು, ಉಣ್ಣೆ ಕುಗ್ಗುತ್ತದೆ. ಅಂಟುವಾಳದ ನೊರೆಯಲ್ಲಿ ಮೆಲ್ಲಗೆ ಅದುಮಿ ತೊಳೆದರೆ ಸಾಕು.

ಇನ್ನು ಕಲೆಗಳು. ಹಾಲು, ಹೇಲು, ರಕ್ತ ಇವಕ್ಕೆ ಮೊದಲು ಬಿಸಿನೀರು ತಗಲಿಸಬೇಡಿ. ಕೋಳಿಮೊಟ್ಟೆ ಬಿಸಿಗೆ ಗಟ್ಟಿಯಾಗುವಂತೆ ಇವೂ ನೂಲಿಗೆ ಕಚ್ಚಿಕೊಳ್ಳುತ್ತವೆ. ತಣ್ಣೀರು ಮೊದಲು, ಸೋಪು ಆಮೇಲೆ. ಕಕ್ಕಿದ ಹಾಲಿನ ಹುಳಿವಾಸನೆಗೆ ಅದರ ಜಿಡ್ಡೂ ಕಾರಣ. ಆದ್ದರಿಂದ ಬರಿಯ ನೀರು ಸಾಲದು. ರಾಗಿ ಸರಿ ಚೆಲ್ಲಿದರೆ ಒಣಗಲು ಬಿಟ್ಟು, ಕೆರೆದು, ಆಮೇಲೆ ತೊಳೆಯಿರಿ. ಎಣ್ಣೆ ತಾಗಿದರೆ ಕಡಲೆಹಿಟ್ಟು ಉದುರಿಸಿ ಹೀರಿಸಿ. ಅರಿಸಿನದ ಕಲೆ ಸೋಪು ಮುಟ್ಟಿದೊಡನೆ ಕೆಂಪಾದೀತು, ಗಾಬರಿಬೇಡ. ತೊಳೆದು ಬಿಸಿಲಿಗೆ ಹಾಕಿದರೆ ದಿನದಿನಕ್ಕೆ ಮಾಸುತ್ತದೆ. ಹೇಲಿನ ಹಳದಿ ಕಲೆಗೂ ಬಿಸಿಲೇ ಮದ್ದು. ಬಟ್ಟೆ ಒದ್ದೆಯಿರುವಾಗಲೇ ಹರವಿ.

ಕೂಸಿನ ಹೇಲು ಏನೂ ಮಾಡದು ಎಂದು ಕೆಲವರು ಹೇಳುವುದುಂಟು. ಅದು ತಪ್ಪು. ದೊಡ್ಡವರದರಂತೆ ಅದರಲ್ಲೂ ಭೇದಿಯ ರೋಗಾಣು ಇರಬಹುದು. ಅದನ್ನು ಕೆರೆದು ಪಾಯಿಖಾನೆಗೆ ಹಾಕಿ. ತಿಪ್ಪೆಗಲ್ಲ, ಅಂಗಳದ ಮೂಲೆಗಲ್ಲ. ಒಗೆದ ನೀರನ್ನು ಬಾವಿಕಟ್ಟೆಯ, ಬೋರ್‌ವೆಲ್‌ನ ಹತ್ತಿರ ಚೆಲ್ಲಬೇಡಿ. ಕೆಲಸ ಮುಗಿದೊಡನೆ ಸೋಪು ಹಾಕಿ ಕೈ ತೊಳೆದುಕೊಳ್ಳಿ. ಒದ್ದೆಯಲ್ಲೇ ಮಲಗಿದ ಕೂಸಿಗೆ ತೊಡೆಸಂದಿ ಕೆಂಪಾಗಿ ಉರಿಯುತ್ತದೆ ಎಂಬುದೂ ನೆನಪಿರಲಿ.

ಈಗ ಮುಖ್ಯವಾದ ನಾಲ್ಕು ಎಚ್ಚರಿಕೆ. ಒಂದು, ಕೀಟನಾಶಕದ ಅಥವಾ ಗೊಬ್ಬರದ ಚೀಲವನ್ನು ಎಷ್ಟೇ ತೊಳೆದರೂ ಕೂಸಿನ ಕೆಳಗೆ ಹಾಸಬೇಡಿ. ಎರಡು, ತಿಗಣೆಗೆಂದು ಹೊಲದ ಔಷಧಿಯನ್ನು ಹಾಸಿಗೆಗೆ ಸಿಂಪಡಿಸಬೇಡಿ. ಕೂಸಿನ ಪ್ರಾಣಕ್ಕೇ ಅಪಾಯ. ಮೂರು, ಬ್ಲೀಚಿಂಗ್ ಪುಡಿಯನ್ನು ನಿಂಬೆರಸದ ಜೊತೆಗಾಗಲಿ, ಉಚ್ಚೆ ನೆಂದ ಬಟ್ಟೆಗಾಗಲಿ ಹಾಕಬೇಡಿ. ವಿಷದ ಗಾಳಿ ಏಳುತ್ತದೆ. ನಾಲ್ಕು, ಕೂಸಿನ ಬಟ್ಟೆ, ಹೊದಿಕೆಯ ನಡುವೆ ನುಸಿಗುಳಿಗೆ ಇಡಬೇಡಿ. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಬಗೆಯ ಕೊರತೆ ಇರುವ ಮಕ್ಕಳಿಗೆ ಅದರ ಆವಿಯಿಂದ ರಕ್ತಕಣ ಒಡೆದು ಕಾಮಾಲೆಯಾಗುವುದುಂಟು. ಯಾವ ಕೂಸಿಗೆ ಆ ಕೊರತೆ ಇದೆಯೆಂದು ನೋಡಿದರೆ ತಿಳಿಯದು.

ಕಲೆಯೇ ಆಗದಂತೆ ತಡೆಯುವುದು ಎಲ್ಲಕ್ಕಿಂತ ಮೇಲು. ಹಾಸಿಗೆಯ ಮೇಲೆ ರಬ್ಬರ್ ಹಾಳೆ, ಅದರ ಮೇಲೆ ಹಳೆಯ ಸೀರೆಯ ಮಡಿಕೆ ಹಾಸಿ. ಹಾಳೆಯ ಅಂಚುಗಳನ್ನು ಹಾಸಿಗೆಯಡಿಗೆ ಬಿಗಿಯಾಗಿ ಸಿಕ್ಕಿಸಿ. ಸಡಿಲವಾಗಿದ್ದರೆ ಕೂಸಿನ ಮುಖಕ್ಕೆ ಬಂದು ಉಸಿರು ಕಟ್ಟೀತು. ಮಳೆಗಾಲದಲ್ಲಿ ಬಿಸಿಲು ಕಾಣದ ಮಲೆನಾಡಿನವರು ಹಾಸಿಗೆಯನ್ನು ನೆಲಕ್ಕೆ ತಾಗದಂತೆ ಗಾಳಿಯಾಡುವ ಕಡೆ ಎತ್ತಿಡಿ. ಬಿಸಿಲು ಬಿದ್ದ ದಿನ ತಪ್ಪದೆ ಹೊರಗೆ ಹಾಕಿ.

ಖರ್ಚೆಂದರೆ ಒಂದು ನಿಂಬೆಹಣ್ಣು, ಒಂದಿಷ್ಟು ಸೋಪು, ಬಿಸಿಲಿಗೆ ಕಾಸಿಲ್ಲ. ಒಣಗಿದ, ಮಡಿಯಾದ ಹಾಸಿಗೆಯಲ್ಲಿ ಕೂಸು ನೆಮ್ಮದಿಯಾಗಿ ಮಲಗಿದರೆ ದಿನವೆಲ್ಲ ದುಡಿದ ತಾಯಿಗೂ ಒಂದಿಷ್ಟು ನಿದ್ದೆ ಸಿಕ್ಕೀತು.