ಬಾಣಂತಿಯ ಹೊಟ್ಟೆಕಟ್ಟು

(ಮಲವಗೊಪ್ಪದಲ್ಲಿ ತಾಯಂದಿರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿರುವ ಈ ಮಲವಗೊಪ್ಪದಲ್ಲಿ ಈಗ ಮನೆಯಲ್ಲಿ ಹೆರಿಗೆಯಾಗುವುದು ಅಪರೂಪ. ಹೆರಿಗೆ ಆಸ್ಪತ್ರೆಗೆ ಹೋಯಿತು, ಬಾಣಂತನ ಮಾತ್ರ ಮನೆಯಲ್ಲೇ ಉಳಿಯಿತು. ಮಗಳನ್ನು ಬಚ್ಚಲಲ್ಲಿ ಕೂರಿಸಿ, ಎಣ್ಣೆ ತಿಕ್ಕಿ, ಹಂಡೆಯ ನೀರು ಹೊಯ್ದು, ಮೈ ಒರೆಸಿದ ಮೇಲೆ ತಾಯಿ ಹಳೆಯ ಹತ್ತಿ ಸೀರೆಯನ್ನು ಮಡಿಸಿ ಅವಳ ಹೊಟ್ಟೆಗೆ ಬಿಗಿಯುತ್ತಾಳೆ. ‘ಕಟ್ಟದಿದ್ದರೆ ಹೊಟ್ಟೆ ಬರುತ್ತದೆ, ವಾಯು ಸೇರುತ್ತದೆ’ ಎನ್ನುವುದು ಅಜ್ಜಿಯರ ಮಾತು.

ಈ ಮಾತು ಬಹಳ ಹಳೆಯದು. ಬಾಣಂತಿಯ ಹೊಟ್ಟೆಗೆ ತುಪ್ಪ, ಎಣ್ಣೆ ಸವರಿ ದೊಡ್ಡ ಶುಭ್ರವಾದ ಬಟ್ಟೆಯಿಂದ ಸುತ್ತಬೇಕೆಂದು ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿದೆ. ಒಳಗೆ ಜಾಗ ಸಿಗದಿದ್ದರೆ ವಾಯು ಕೇಡು ಮಾಡದು ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಇಂದಿನ ವೈದ್ಯರು ವಾಯುವಿನ ಲೆಕ್ಕ ಹಿಡಿಯುವುದಿಲ್ಲ. ಆದರೆ ಹೊಟ್ಟೆ ಸಡಿಲಾಗುತ್ತದೆ, ಅದಕ್ಕೆ ಆಸರೆ ಬೇಕು ಎಂದು ಆ ಕಾಲದವರು ಕಂಡುಕೊಂಡದ್ದು ಸುಳ್ಳಲ್ಲ.

ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನಿಂದ ಕೆಳಗಿನವರೆಗೆ ಎರಡು ಉದ್ದನೆಯ ಸ್ನಾಯುಗಳಿವೆ. ನಡುವೆ ಒಂದು ನಾರಿನ ಪಟ್ಟಿ ಅವನ್ನು ಹೊಲಿದಂತೆ ಕೂಡಿಸಿದೆ. ಬಸಿರು ಬೆಳೆದಂತೆ ಈ ಪಟ್ಟಿ ಹಿಗ್ಗಿ ತೆಳುವಾಗುತ್ತದೆ, ಸ್ನಾಯುಗಳು ಅಕ್ಕಪಕ್ಕಕ್ಕೆ ಸರಿಯುತ್ತವೆ. ದಿನ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಬಸುರಿಯರಲ್ಲೂ ಹೀಗಾಗುತ್ತದೆ, ಇದು ರೋಗವಲ್ಲ. ಹೆರಿಗೆಯಾದಾಗ ಸುಮಾರು 1 ಕಿಲೋ ತೂಗುವ ಗರ್ಭಕೋಶ ಆರು ವಾರಗಳಲ್ಲಿ 100 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಸ್ನಾಯುಗಳಿಗೆ ಅಷ್ಟು ಅವಸರವಿಲ್ಲ. ಮೊದಲ ಎಂಟು ವಾರ ತಾವಾಗಿಯೇ ಹತ್ತಿರ ಬರುತ್ತವೆ, ಆಮೇಲೆ ನಿಧಾನ. ಕೆಲವರಲ್ಲಿ ನಡುವಿನ ಸಂದು ಉಳಿದೇಬಿಡುತ್ತದೆ.

ಅಂಥವಳನ್ನು, ಮಗುವಿಗೆ ವರ್ಷ ತುಂಬಿದ ಮೇಲೂ, ‘ಮತ್ತೆ ವಿಶೇಷವೇನಮ್ಮಾ?’ ಎಂದು ನೆರೆಯವರು ಕೇಳುತ್ತಾರೆ. ಅವಳು ನಕ್ಕು ಸೆರಗು ಎಳೆದುಕೊಳ್ಳುತ್ತಾಳೆ. ಸೊಂಟನೋವನ್ನಾದರೂ ಹೇಳಿಕೊಂಡಾಳು, ಕೆಮ್ಮಿದರೆ ಮೂತ್ರ ಜಿನುಗುವುದನ್ನು ಹೆತ್ತ ತಾಯಿಗೂ ಹೇಳುವುದಿಲ್ಲ.

ಹಾಗಾದರೆ ಬಟ್ಟೆ ಕಟ್ಟಿ ಪ್ರಯೋಜನವೇನು? ಮೊದಲ ದಿನಗಳಲ್ಲಿ ಅದು ಒಳ್ಳೆಯ ಆಸರೆ. ಸಿಸೇರಿಯನ್ ಆದವರಿಗೆ ಎದ್ದು ಓಡಾಡುವಾಗ ನೋವು ಕಡಿಮೆಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು ಮೂರು ಹೆರಿಗೆಗೆ ಒಂದು ಸಿಸೇರಿಯನ್. ಆದರೆ ಬಟ್ಟೆಯೇ ಸಂದನ್ನು ಮುಚ್ಚುತ್ತದೆ ಎನ್ನಲು ಆಧಾರ ಸಾಲದು. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಕ್ಕೆ, ಗರ್ಭಕೋಶ ಮೂತ್ರಕೋಶಗಳನ್ನು ಹೊತ್ತ ತಳದ ಸ್ನಾಯುಗಳ ಮೇಲೆ ಬೀಳುತ್ತದೆ. ಮುರಿದ ಕೈಗೂ ಕಟ್ಟು ಹಾಕುತ್ತಾರಲ್ಲವೆ? ಅದನ್ನು ಬಿಚ್ಚಿದ ಮೇಲೆ ಕೈಗೆ ಕೆಲಸ ಕೊಡದಿದ್ದರೆ ಬಲ ಬರುವುದಿಲ್ಲ.

ಹಿಂದೆ ಆ ಕೆಲಸ ಮನೆಯಲ್ಲೇ ಕಾದಿರುತ್ತಿತ್ತು. ತೌರಿನಿಂದ ಹಿಂದಿರುಗಿದವಳಿಗೆ ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ. ಇದನ್ನು ನೆನೆದು ಹಳೆಯ ಕಾಲವೇ ಚೆನ್ನಾಗಿತ್ತು ಎಂದುಬಿಡುವುದು ಸುಲಭ. ಗದ್ದೆ ಕೂಲಿಯವಳಿಗೆ ತಿಂಗಳುಗಟ್ಟಲೆ ಬಾಣಂತನ ಎಲ್ಲಿತ್ತು? ಹಸಿ ಮೈಯಲ್ಲೇ ಭಾರ ಹೊತ್ತು ಗರ್ಭ ಜಾರಿಸಿಕೊಂಡವರ ನೋವನ್ನು ಯಾರೂ ಬರೆದಿಡಲಿಲ್ಲ. ಈಗ ಮಿಕ್ಸಿ, ನಲ್ಲಿ ಬಂದಿವೆ. ಒಂದು ವಿಧದಲ್ಲಿ ಒಳ್ಳೆಯದೇ. ಆದರೆ ಕೆಲಸ ಹೋಗಿ ಕಟ್ಟು ಮಾತ್ರ ಉಳಿದಿದೆ.

ಆರಂಭ ತೀರಾ ಸಣ್ಣದು. ಸಹಜ ಹೆರಿಗೆಯಾಗಿದ್ದರೆ ಕೆಲವೇ ದಿನಗಳಲ್ಲಿ, ಹೊಲಿಗೆಯಿದ್ದರೆ ವೈದ್ಯರನ್ನು ಕೇಳಿ ಶುರುಮಾಡಬಹುದು. ಮಂಡಿ ಮಡಿಸಿ ಅಂಗಾತ ಮಲಗಿ, ಉಸಿರು ಬಿಡುತ್ತಾ ಹೊಕ್ಕುಳನ್ನು ಮೆಲ್ಲಗೆ ಒಳಗೆಳೆದುಕೊಳ್ಳಬೇಕು. ಮೂತ್ರ ತಡೆಯುವಾಗಿನಂತೆ ತಳದ ಸ್ನಾಯುಗಳನ್ನು ಬಿಗಿದು ಬಿಡಬೇಕು. ಇದು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚುರಪಡಿಸಿದ ವ್ಯಾಯಾಮ. ಹಾಸಿಗೆಯಿಂದ ನೇರ ಎದ್ದು ಕೂರಬಾರದು. ‘ಬಲ ಮಗ್ಗುಲಾಗಿ ಏಳು’ ಎಂದು ಹಿರಿಯರು ಶಕುನಕ್ಕೆ ಹೇಳಿದ್ದಿರಬಹುದು, ಬಾಣಂತಿಯ ಹೊಟ್ಟೆಗಂತೂ ಅದು ಸರಿಯಾದ ಮಾತು. ಎಡ ಮಗ್ಗುಲಾದರೂ ನಡೆದೀತು.

ಎಂಟು ವಾರದ ಮೇಲೆ ಒಮ್ಮೆ ನೀವೇ ಮುಟ್ಟಿ ನೋಡಿ. ಅಂಗಾತ ಮಲಗಿ ತಲೆಯನ್ನು ತುಸು ಎತ್ತಿ, ಹೊಕ್ಕುಳ ಮೇಲೆ ಕೆಳಗೆ ಬೆರಳುಗಳನ್ನು ಅಡ್ಡಕ್ಕೆ ಇಡಿ. ಎರಡು ಬೆರಳಿಗಿಂತ ಅಗಲವಾಗಿ ಸಂದು ಸಿಕ್ಕರೆ, ನಡುವೆ ದಿಬ್ಬದಂತೆ ಉಬ್ಬಿದರೆ, ವೈದ್ಯರಿಗೆ ಇಲ್ಲವೆ ಫಿಸಿಯೋಥೆರಪಿಯವರಿಗೆ ತೋರಿಸಿ. ಅಲ್ಲಿಯವರೆಗೆ ತುಂಬಿದ ಕೊಡಪಾನವನ್ನು ಮನೆಯ ಗಂಡಸರು ಎತ್ತಲಿ.